ಹಳೆಯ ಸಿಂಥಸೈಜರಿಗೆ ಹೊಸ ಜನ್ಮ: ಯಾವುದನ್ನು ಯಾವುದಕ್ಕೆ ಹೋಲಿಸುವುದು?

1970 ಮತ್ತು 80ರ ದಶಕಗಳಲ್ಲಿ ತಯಾರಾಗಿ, ಡಿಜಿಟಲ್ ವಾದ್ಯಗಳು ಬಂದೊಡನೆ ಮೂಲೆ ಸೇರಿದ್ದ, ವಿದ್ಯುತ್ ಸರ್ಕ್ಯೂಟುಗಳಿಂದಲೇ ನಾದ ಹುಟ್ಟಿಸುವ ಅನಲಾಗ್ ಸಿಂಥಸೈಜರುಗಳು ಕಳೆದ ಕೆಲವು ವರ್ಷಗಳಲ್ಲಿ ಒಂದೊಂದಾಗಿ ಮರಳಿ ಬಂದಿವೆ. ಕೊರ್ಗ್ ಕಂಪನಿ ತನ್ನ 1978ರ ಎಂಎಸ್-20ಯನ್ನು 2013ರಲ್ಲಿ ತುಸು ಕುಗ್ಗಿದ ಗಾತ್ರದಲ್ಲಿ ಹೊರತಂದಿತು. 2015ರಲ್ಲಿ ಆರ್ಪ್ ಒಡಿಸ್ಸಿ, 2016ರಲ್ಲಿ ಮಿನಿಮೋಗ್, 2020ರಲ್ಲಿ ಪ್ರಾಫೆಟ್-5 ಹಿಂತಿರುಗಿದವು. ಇವೆಲ್ಲಕ್ಕೂ ಸಮಾನಾಂತರವಾಗಿ ಬೇರಿಂಗರ್ ಕಂಪನಿ ಇಂಥ ವಾದ್ಯಗಳ ನಕಲುಗಳನ್ನು ಅಗ್ಗದ ಬೆಲೆಗೆ ಮಾರತೊಡಗಿತು. ಹಳೆಯ ಯಂತ್ರಗಳನ್ನು ಕಂಪ್ಯೂಟರಿನಲ್ಲೇ ಅನುಕರಿಸುವ ಸಾಫ್ಟ್‌ವೇರ್ ಪ್ಲಗಿನ್‌ಗಳಂತೂ ಅದಕ್ಕಿಂತ ಬಹಳ ಮೊದಲೇ ಬಂದಿದ್ದವು. ಹಳೆಯ ಯಂತ್ರ ಒಂದೇ ಆದರೂ ಇವತ್ತು ಅದರ ಮೂರು ನಾಲ್ಕು ಹೊಸ ರೂಪಗಳು ಅಂಗಡಿಯಲ್ಲಿ ಸಿಗುತ್ತವೆ.

ಹೀಗಾಗಿ ಹೋಲಿಕೆಯೇ ಒಂದು ಹವ್ಯಾಸವಾಗಿದೆ. ಮೂಲ ಯಂತ್ರವನ್ನೂ ನಕಲನ್ನೂ ಅಕ್ಕಪಕ್ಕ ಇಟ್ಟು, ಎರಡರಲ್ಲೂ ಒಂದೇ ಸ್ವರ ನುಡಿಸಿ, ಗುಂಡಿಗಳನ್ನು ಒಂದೇ ಸ್ಥಾನಕ್ಕೆ ತಿರುಗಿಸಿ, ಯಾವುದು ಯಾವುದೆಂದು ಹೇಳಿ ನೋಡೋಣ ಎಂದು ಸವಾಲು ಹಾಕುವ ವಿಡಿಯೋಗಳಿಗೆ ಲೆಕ್ಕವಿಲ್ಲ. ಅವನ್ನು ನಾನೂ ನೋಡುತ್ತೇನೆ, ನೋಡಿ ಖುಷಿಪಡುತ್ತೇನೆ. ಆದರೆ ಆ ಪರೀಕ್ಷೆ ವಾದ್ಯದ ಬಗ್ಗೆ ಬಹಳ ಕಡಿಮೆ ಹೇಳುತ್ತದೆ ಎಂಬ ಅನುಮಾನ ನನಗೆ ಬಲವಾಗುತ್ತ ಬಂದಿದೆ. ಒಂದು ಯಂತ್ರದ ಗುಣ ಅದು ಹಿಡಿದಿಟ್ಟ ಒಂದು ಸ್ವರದಲ್ಲಿ ಇರುವುದಕ್ಕಿಂತ ಹೆಚ್ಚಾಗಿ, ಒಂದು ಸ್ವರದಿಂದ ಇನ್ನೊಂದಕ್ಕೆ ಅದು ಹೇಗೆ ಹೋಗುತ್ತದೆ, ಹಿಂದಿನ ಸ್ವರದ ಯಾವ ಶೇಷವನ್ನು ಮುಂದಿನದಕ್ಕೆ ಸಾಗಿಸುತ್ತದೆ, ನುಡಿಸುವವನನ್ನು ಯಾವ ದಾರಿಗೆ ತಳ್ಳುತ್ತದೆ ಎಂಬುದರಲ್ಲಿ ಇರುತ್ತದೆ. ಮರುಸೃಷ್ಟಿ ಮಾಡುವ ಪ್ರತಿಯೊಬ್ಬ ತಯಾರಕನೂ ಇವುಗಳಲ್ಲಿ ಕೆಲವನ್ನು ಉಳಿಸಿಕೊಂಡು ಕೆಲವನ್ನು ಬಿಡುತ್ತಾನೆ. ಏನನ್ನು ಉಳಿಸಿದ, ಏನನ್ನು ಬಿಟ್ಟ ಎಂದು ಕೇಳುವುದೇ ನನಗೆ ಹೆಚ್ಚು ಉಪಯುಕ್ತವಾದ ಹೋಲಿಕೆಯಾಗಿ ಕಂಡಿದೆ.

ಇದಕ್ಕೆ ರೋಲ್ಯಾಂಡ್ ಕಂಪನಿಯ ಟಿಬಿ-303ಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ತದಾವೊ ಕಿಕುಮೊಟೊ ವಿನ್ಯಾಸಗೊಳಿಸಿದ ಈ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಪೆಟ್ಟಿಗೆ 1981ರಲ್ಲಿ ಮಾರುಕಟ್ಟೆಗೆ ಬಂತು. ಬಾಸ್ ಗಿಟಾರ್ ನುಡಿಸುವವರು ಜೊತೆಗೆ ಇಲ್ಲದಾಗ ಒಂಟಿ ಗಿಟಾರ್ ವಾದಕ ಅಭ್ಯಾಸಕ್ಕೆ ಇಟ್ಟುಕೊಳ್ಳಲಿ ಎಂಬುದು ಕಂಪನಿಯ ಉದ್ದೇಶ. ಬಾಸ್ ಗಿಟಾರಿನ ನಾದಕ್ಕೂ ಇದರ ನಾದಕ್ಕೂ ಸಂಬಂಧವೇ ಇರಲಿಲ್ಲ. ಸುಮಾರು 10,000 ಯಂತ್ರಗಳನ್ನು ತಯಾರಿಸಿ 1984ರಲ್ಲಿ ಉತ್ಪಾದನೆ ನಿಲ್ಲಿಸಲಾಯಿತು. ಹಾಗೆ ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಧೂಳು ತಿನ್ನುತ್ತಿದ್ದ ಒಂದು ಯಂತ್ರವನ್ನು ಶಿಕಾಗೊದ ಫ್ಯೂಚರ್ ಎಂಬ ತಂಡದ ಹುಡುಗರು ಕೊಂಡು, ನುಡಿಯುತ್ತಿರುವಾಗಲೇ ಅದರ ಗುಂಡಿಗಳನ್ನು ತಿರುಗಿಸಿದಾಗ ಹುಟ್ಟಿದ ಗುಳುಗುಳು, ಕೀರಲು ನಾದವೇ 1987ರ ಹೊತ್ತಿಗೆ ಆಸಿಡ್ ಹೌಸ್ ಎಂಬ ಹೊಸ ನೃತ್ಯ ಸಂಗೀತಕ್ಕೆ ಬುನಾದಿಯಾಯಿತು.

ಶಿಕಾಗೊಗಿಂತ ಐದು ವರ್ಷ ಮೊದಲೇ ಈ ಯಂತ್ರ ಮುಂಬಯಿಯಲ್ಲಿ ಧ್ವನಿಮುದ್ರಣಗೊಂಡಿತ್ತು. ಹಿಂದಿ ಸಿನಿಮಾ ಸಂಗೀತದಲ್ಲಿ ವಾದಕರಾಗಿದ್ದ ಚರಣಜಿತ್ ಸಿಂಗ್ 1982ರಲ್ಲಿ ಟಿಬಿ-303, ಟಿಆರ್-808 ತಾಳಯಂತ್ರ ಮತ್ತು ಜುಪಿಟರ್-8 ಸಿಂಥಸೈಜರ್, ಈ ಮೂರು ರೋಲ್ಯಾಂಡ್ ಯಂತ್ರಗಳನ್ನು ಜೋಡಿಸಿ, ಡಿಸ್ಕೊ ತಾಳದ ಮೇಲೆ ಹತ್ತು ಹಿಂದೂಸ್ತಾನಿ ರಾಗಗಳನ್ನು ನುಡಿಸಿದರು. ಯಮನ್, ತೋಡಿ, ಲಲಿತ್, ಮಾಲಕೌಂಸ್ ಎಲ್ಲವೂ ಅದರಲ್ಲಿದ್ದವು. ಆಗ ಅದನ್ನು ಯಾರೂ ಹೆಚ್ಚು ಗಮನಿಸಲಿಲ್ಲ. 2010ರಲ್ಲಿ ಡಚ್ ಸಂಗ್ರಾಹಕರೊಬ್ಬರು ಅದನ್ನು ಮರುಮುದ್ರಿಸಿದ ಮೇಲೆ, ಆಸಿಡ್ ಹೌಸ್ ಹುಟ್ಟಿದ್ದು ಭಾರತದಲ್ಲೇ ಎಂಬ ಉದ್ಗಾರಗಳು ಕೇಳಿಬಂದವು. ಅಷ್ಟು ದೊಡ್ಡ ಮಾತು ಬೇಡ. ಶಿಕಾಗೊದ ಹುಡುಗರು ಆ ರೆಕಾರ್ಡನ್ನು ಕೇಳಿರಲಿಲ್ಲ, ಸಿಂಗ್ ಅವರಿಗೆ ಶಿಕಾಗೊದ ಸುದ್ದಿ ಗೊತ್ತಿರಲಿಲ್ಲ. ನನಗೆ ಕುತೂಹಲಕರವಾಗಿ ಕಾಣುವುದು ಬೇರೆಯೇ: ಪರಸ್ಪರ ಪರಿಚಯವೇ ಇಲ್ಲದ ಇಬ್ಬರು ಒಂದೇ ಯಂತ್ರವನ್ನು ಕೈಗೆತ್ತಿಕೊಂಡಾಗ, ಯಂತ್ರ ಇಬ್ಬರನ್ನೂ ಹೆಚ್ಚುಕಡಿಮೆ ಒಂದೇ ದಾರಿಗೆ ಎಳೆದಿದೆ. ಅಂದರೆ ಆ ಪೆಟ್ಟಿಗೆಗೆ ತನ್ನದೇ ಆದ ಒಂದು ಹಟವಿದೆ. ಆ ಹಟ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಮುಚ್ಚಳ ತೆಗೆದು ನೋಡಬೇಕು.

ಒಳಗಿರುವುದು ಒಂದೇ ಆಸಿಲೇಟರ್, ಅಂದರೆ ನಾದದ ಮೂಲ ಅಲೆಯನ್ನು ಹುಟ್ಟಿಸುವ ಸರ್ಕ್ಯೂಟ್. ಗರಗಸದ ಹಲ್ಲಿನ ಆಕಾರದ ಅಲೆ ಅಥವಾ ಚೌಕಾಕಾರದ ಅಲೆ, ಎರಡರಲ್ಲಿ ಒಂದನ್ನು ಅದು ಕೊಡುತ್ತದೆ. ಅದರ ಮುಂದೆ, ನಾದದ ಮೇಲಿನ ಕಂಪನಗಳನ್ನು ಸೋಸಿ ತೆಗೆಯುವ ನಾಲ್ಕು ಮೆಟ್ಟಿಲಿನ ಡಯೋಡ್ ಲ್ಯಾಡರ್ (ಏಣಿ) ಫಿಲ್ಟರ್. ಈ ನಾಲ್ಕರಲ್ಲಿ ಒಂದು ಮೆಟ್ಟಿಲಿನ ಕೆಪ್ಯಾಸಿಟರ್ (ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಬಿಡಿಭಾಗ) ಉಳಿದವುಗಳ ಸುಮಾರು ಅರ್ಧದಷ್ಟೇ ಇದೆ. ಇದರ ನಡವಳಿಕೆ ಮಿನಿಮೋಗ್‌ನ ಫಿಲ್ಟರಿಗಿಂತ ಬೇರೆ: ಸೋಸುವ ಗಡಿಯಲ್ಲಿರುವ ಕಂಪನವನ್ನು ಹಿಗ್ಗಿಸುವ ರೆಸೊನೆನ್ಸ್ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರೂ ಫಿಲ್ಟರ್ ತಾನಾಗಿ ಕೂಗುವುದಿಲ್ಲ, ಕೂಗುವ ಅಂಚಿಗೆ ಬಂದು ನಿಲ್ಲುತ್ತದೆ.

ಅಸಲಿ ಸ್ವಾರಸ್ಯ ಇರುವುದು ಆಕ್ಸೆಂಟ್‌ನಲ್ಲಿ. ಒಂದು ಸ್ವರಕ್ಕೆ ಆಕ್ಸೆಂಟ್ ಹಾಕಿದರೆ ಅದು ಜೋರಾಗುವುದು ಮಾತ್ರವಲ್ಲ. ಅದರ ಇಳಿತ ಚುರುಕಾಗುತ್ತದೆ, ಜೊತೆಗೆ ಒಂದು ಸಣ್ಣ ಕೆಪ್ಯಾಸಿಟರ್ ತುಂಬಿಕೊಂಡು ಫಿಲ್ಟರನ್ನು ಮೇಲಕ್ಕೆ ಎತ್ತುತ್ತದೆ. ಆಕ್ಸೆಂಟ್ ಇರುವ ಸ್ವರಗಳು ಎರಡು ಮೂರು ಬೆನ್ನುಬೆನ್ನಿಗೆ ಬಂದರೆ ಆ ಕೆಪ್ಯಾಸಿಟರಿಗೆ ಪೂರ್ತಿ ಖಾಲಿಯಾಗಲು ಸಮಯ ಸಿಗುವುದಿಲ್ಲ. ಹಿಂದಿನ ಶೇಷದ ಮೇಲೆ ಹೊಸದು ಸೇರುತ್ತದೆ, ಎರಡನೆಯ ಸ್ವರ ಮೊದಲನೆಯದಕ್ಕಿಂತ, ಮೂರನೆಯದು ಎರಡನೆಯದಕ್ಕಿಂತ ಎತ್ತರಕ್ಕೆ ಚೀರುತ್ತದೆ. ಇದು ಎಷ್ಟರ ಮಟ್ಟಿಗೆ ಆಗಬೇಕೆಂಬುದು ಆಕ್ಸೆಂಟ್ ಗುಂಡಿಯ ಜೊತೆಗೆ ರೆಸೊನೆನ್ಸ್ ಗುಂಡಿಯ ಸ್ಥಾನವನ್ನೂ ಅವಲಂಬಿಸಿದೆ, ಏಕೆಂದರೆ ಆ ಗುಂಡಿಯ ಅಡಿಯಲ್ಲಿ ಒಟ್ಟಿಗೆ ತಿರುಗುವ ಎರಡು ಭಾಗಗಳಿದ್ದು ಅವುಗಳಲ್ಲಿ ಒಂದು ಈ ಸರ್ಕ್ಯೂಟಿಗೆ ಸೇರಿದ್ದು. ಒಂದೇ ಸ್ವರ ನುಡಿಸಿ ಹೋಲಿಸುವ ಪರೀಕ್ಷೆಯಲ್ಲಿ ಇದರ ಸುಳಿವೂ ಸಿಗುವುದಿಲ್ಲ ಎಂಬುದನ್ನು ಗಮನಿಸಬೇಕು.

ಇನ್ನು ಸೀಕ್ವೆನ್ಸರ್, ಅಂದರೆ ತುಂಬಿಟ್ಟ ಸ್ವರಗಳ ಸಾಲನ್ನು ತಾನಾಗಿ ನುಡಿಸುವ ಭಾಗ. ಇದರಲ್ಲಿ ಸ್ವರಗಳನ್ನೂ ಕಾಲವನ್ನೂ ಬೇರೆ ಬೇರೆಯಾಗಿ ತುಂಬಬೇಕು. ಮೊದಲು ಸ್ವರಗಳನ್ನಷ್ಟೇ ಒಂದರ ಹಿಂದೊಂದು ಒತ್ತುತ್ತ ಹೋಗುವುದು. ಆಮೇಲೆ ಇನ್ನೊಂದು ಸುತ್ತಿನಲ್ಲಿ ಇಲ್ಲಿ ಸ್ವರ, ಇಲ್ಲಿ ಮುಂದುವರಿಕೆ, ಇಲ್ಲಿ ವಿರಾಮ ಎಂದು ಕಾಲದ ಪಟ್ಟಿಯನ್ನು ತುಂಬುವುದು. ಕಾಲದ ಪಟ್ಟಿಯಲ್ಲಿ ಒಂದು ವಿರಾಮವನ್ನು ತಪ್ಪಿಸಿದರೆ ಮುಂದಿನ ಸ್ವರಗಳೆಲ್ಲ ಒಂದು ಮನೆ ಸರಿದು ಕೂರುತ್ತವೆ. ಮನಸ್ಸಿನಲ್ಲಿದ್ದ ಸಾಲು ಇದರಲ್ಲಿ ಮೊದಲ ಯತ್ನಕ್ಕೆ ಬರುವುದು ಅಪರೂಪ. ಬಂದದ್ದು ಹಲವು ಸಲ ಮನಸ್ಸಿನಲ್ಲಿದ್ದುದಕ್ಕಿಂತ ಚೆನ್ನಾಗಿರುತ್ತದೆ. ಆಸಿಡ್ ಸಂಗೀತದ ಎಷ್ಟೋ ಸಾಲುಗಳು ಹೀಗೆ ಸರಿದು ಕೂತ ಸ್ವರಗಳಿಂದಲೇ ಹುಟ್ಟಿರಬೇಕೆಂಬುದು ನನ್ನ ಊಹೆ.

ಈಗ ಮರುಸೃಷ್ಟಿಗಳನ್ನು ನೋಡೋಣ. 1997ರಲ್ಲಿ ಸ್ವೀಡನ್ನಿನ ಪ್ರೊಪೆಲ್ಲರ್‌ಹೆಡ್ ಕಂಪನಿ ರಿಬರ್ತ್ ಎಂಬ ಸಾಫ್ಟ್‌ವೇರ್ ತಂದಿತು. ಎರಡು 303ಗಳೂ ತಾಳಯಂತ್ರಗಳೂ ಕಂಪ್ಯೂಟರಿನ ಪರದೆಯ ಮೇಲೆ ಕಾಣಿಸಿಕೊಂಡವು. ಇವತ್ತಿನ ಕಿವಿಗೆ ಅದರ ನಾದ ತೆಳು. ಆದರೆ ಮೂಲ ಯಂತ್ರದ ಬೆಲೆ ಕೈಗೆಟುಕದಷ್ಟು ಏರಿದ್ದ ಕಾಲದಲ್ಲಿ ಆಸಿಡ್ ಸಂಗೀತದ ಭಾಷೆಯನ್ನು ಒಂದು ತಲೆಮಾರಿಗೆ ಕಲಿಸಿದ್ದು ಅದೇ. 2005ರ ಹೊತ್ತಿಗೆ ಅಮೆರಿಕದ ಎಂಜಿನಿಯರ್ ಲಿಮೋರ್ ಫ್ರೀಡ್ ಅವರ ಕ್ಸಾಕ್ಸ್‌ಬಾಕ್ಸ್ ಬಂತು: ಮನೆಯಲ್ಲೇ ಬೆಸುಗೆ ಹಾಕಿ ಜೋಡಿಸಿಕೊಳ್ಳುವ ಕಿಟ್, ಅದರ ನಕ್ಷೆ ಎಲ್ಲರಿಗೂ ಮುಕ್ತ. ನಾದದ ಸರ್ಕ್ಯೂಟನ್ನು ಅದು ಮೂಲಕ್ಕೆ ಬಹಳ ನಿಷ್ಠವಾಗಿ ಅನುಸರಿಸಿತು. ಆದರೆ ಸೀಕ್ವೆನ್ಸರನ್ನು ಹೊಸದಾಗಿ, ಅರ್ಥವಾಗುವಂತೆ ಬರೆಯಲಾಯಿತು. ಇಲ್ಲಿ ನಾದ ಮೂಲದ್ದು, ಹಟ ಮಾತ್ರ ಇಲ್ಲ.

ಸ್ವತಃ ರೋಲ್ಯಾಂಡ್ 2014ರಲ್ಲಿ ಟಿಬಿ-3ಯನ್ನೂ 2016ರಲ್ಲಿ ಟಿಬಿ-03ಯನ್ನೂ ಹೊರತಂದಿತು. ಎರಡೂ ಡಿಜಿಟಲ್, ಹಳೆಯ ಸರ್ಕ್ಯೂಟಿನ ಒಂದೊಂದು ಭಾಗದ ವರ್ತನೆಯನ್ನೂ ಗಣಿತಕ್ಕೆ ಇಳಿಸಿದ್ದೇವೆ ಎಂಬುದು ಕಂಪನಿಯ ವಿವರಣೆ. ಮೊದಲನೆಯದರಲ್ಲಿ ಗುಂಡಿಗಳ ಸಾಲಿನ ಬದಲು ಬೆರಳು ಸವರುವ ಫಲಕವಿತ್ತು. ಎರಡನೆಯದರಲ್ಲಿ ಹಳೆಯ ಗುಂಡಿಗಳು ಹಳೆಯ ಜಾಗಕ್ಕೆ ಮರಳಿದವು, ಹಳೆಯ ತುಂಬುವ ಕ್ರಮವೂ ಮರಳಿತು, ಬೇಡದವರಿಗೆ ಸುಲಭದ ಕ್ರಮವೂ ಸೇರಿತು. ಎರಡು ವರ್ಷಗಳಲ್ಲಿ ಆದ ಈ ಬದಲಾವಣೆಯನ್ನು ನೋಡಿದರೆ, ಗಣಿತವೊಂದೇ ಸಾಲದು, ಕೈಗೆ ಗುಂಡಿ ಬೇಕು ಎಂದು ಕಂಪನಿಗೇ ಮನವರಿಕೆಯಾದಂತೆ ತೋರುತ್ತದೆ. 2019ರ ಬೇರಿಂಗರ್ ಟಿಡಿ-3 ಪೂರ್ತಿ ಅನಲಾಗ್. ಸ್ವರ ಮತ್ತು ಕಾಲವನ್ನು ಬೇರೆಬೇರೆಯಾಗಿ ತುಂಬುವ ಪೇಚಾಟವನ್ನೂ ಅದು ಹಾಗೆಯೇ ಉಳಿಸಿಕೊಂಡಿದೆ. ನನ್ನ ಮೇಜಿನ ಮೇಲಿರುವುದು ಅದೇ. ಆಕ್ಸೆಂಟ್‌ಗಳು ಒಂದರ ಮೇಲೊಂದು ಏರುವ ಆ ಗುಣ ಅದರಲ್ಲಿ ಸೊಗಸಾಗಿ ಬರುತ್ತದೆ. ಬರಲೇಬೇಕು, ಏಕೆಂದರೆ ಅಲ್ಲಿಯೂ ತುಂಬಿ ಖಾಲಿಯಾಗುತ್ತಿರುವುದು ನಿಜವಾದ ಕೆಪ್ಯಾಸಿಟರ್.

ಡಿಜಿಟಲ್ ಎಂದ ಮಾತ್ರಕ್ಕೆ ಅದು ಕೀಳೆಂದು ನಾನು ಹೇಳುತ್ತಿಲ್ಲ. ಅಲ್ಲಿಯ ಕಷ್ಟ ಎಂಥದೆಂದು ತಿಳಿದರೆ ಆ ಕೆಲಸದ ಬಗ್ಗೆ ಗೌರವ ಹೆಚ್ಚುತ್ತದೆ. ಲ್ಯಾಡರ್ ಫಿಲ್ಟರಿನಲ್ಲಿ ಹೊರಬಂದ ಸಿಗ್ನಲ್ ಮತ್ತೆ ಒಳಕ್ಕೆ ಹೋಗುತ್ತದೆ, ಆ ಸುತ್ತಾಟವೇ ರೆಸೊನೆನ್ಸ್. ತಂತಿಯಲ್ಲಿ ಅದು ತತ್‌ಕ್ಷಣ ನಡೆಯುತ್ತದೆ. ಕಂಪ್ಯೂಟರಾದರೋ ಸೆಕೆಂಡಿಗೆ 44,100 ಬಾರಿ, ಒಂದೊಂದು ಕ್ಷಣದ ಬೆಲೆಯನ್ನು ಬಿಡಿಬಿಡಿಯಾಗಿ ಲೆಕ್ಕ ಹಾಕುತ್ತದೆ; ಈ ಕ್ಷಣದ ಉತ್ತರ ಬೇಕಾದರೆ ಈ ಕ್ಷಣದ ಉತ್ತರವೇ ಮೊದಲು ಗೊತ್ತಿರಬೇಕು ಎಂಬ ತೊಡಕು ಎದುರಾಗುತ್ತದೆ. ಮೊದಮೊದಲ ಪ್ಲಗಿನ್‌ಗಳು ಹಿಂದಿನ ಕ್ಷಣದ ಉತ್ತರವನ್ನೇ ಒಳಕ್ಕೆ ಕೊಟ್ಟು ತೃಪ್ತಿಪಟ್ಟವು. ಫಿಲ್ಟರ್ ಸೋಸಲು ಶುರುಮಾಡುವ ಗಡಿ, ಅಂದರೆ ಕಟ್‌ಆಫ್, ಮೇಲೇರಿದಂತೆ ಆ ಒಂದು ಕ್ಷಣದ ತಡವೇ ರೆಸೊನೆನ್ಸನ್ನು ಶ್ರುತಿ ತಪ್ಪಿಸುತ್ತಿತ್ತು. ಈಗಿನವು ಪ್ರತಿ ಕ್ಷಣಕ್ಕೂ ಸಮೀಕರಣವನ್ನು ಬಿಡಿಸುತ್ತವೆ, ಟ್ರಾನ್ಸಿಸ್ಟರುಗಳು ಸಿಗ್ನಲನ್ನು ತುಸು ಡೊಂಕಾಗಿಸುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಮಿಶ್ರಣದ ನಡುವೆ ನುಡಿಯುವಾಗ ಈ ಹೊಸ ಪ್ಲಗಿನ್‌ಗಳನ್ನು ಅನಲಾಗ್‌ನಿಂದ ಬೇರ್ಪಡಿಸಿ ಹೇಳುವುದು ನನ್ನ ಕಿವಿಗೆ ಸಾಧ್ಯವಾಗದ ಕೆಲಸ. ಸಾಧ್ಯ ಎನ್ನುವವರ ಬಗ್ಗೆ ನನಗೆ ಸ್ವಲ್ಪ ಸಂಶಯವೂ ಇದೆ.

ಮಿನಿಮೋಗ್‌ನ ಕತೆ ಇನ್ನೊಂದು ಬಗೆಯದು. ರಾಬರ್ಟ್ ಮೋಗ್ ಅವರ ಕಂಪನಿ ನ್ಯೂಯಾರ್ಕ್ ರಾಜ್ಯದ ಟ್ರುಮನ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ 1970ರಲ್ಲಿ ರೂಪಿಸಿದ ಈ ವಾದ್ಯದಲ್ಲಿ ಮೂರು ಆಸಿಲೇಟರುಗಳು ಮಿಕ್ಸರಿನ ಮೂಲಕ ಫಿಲ್ಟರಿಗೆ ಹೋಗುತ್ತವೆ. ಗುಂಡಿಗಳನ್ನು ಏರಿಸಿದರೆ ಆ ಸಿಗ್ನಲ್ ಫಿಲ್ಟರ್ ತಾಳುವುದಕ್ಕಿಂತ ಜೋರಾಗಿರುತ್ತದೆ. ಮಿನಿಮೋಗ್‌ನ ಪ್ರಸಿದ್ಧ ದಪ್ಪ ನಾದದಲ್ಲಿ ಈ ಒತ್ತಡದ ಪಾಲು ದೊಡ್ಡದು. ಹೆಡ್‌ಫೋನ್ ಕಿಂಡಿಯಿಂದ ಒಂದು ತಂತಿ ಎಳೆದು ಹೊರಗಿನ ಸಿಗ್ನಲ್ ಬರುವ ಕಿಂಡಿಗೆ ಸಿಕ್ಕಿಸಿ ಒತ್ತಡವನ್ನು ಇನ್ನಷ್ಟು ಹೆಚ್ಚಿಸುವ ಉಪಾಯವೂ ವಾದಕರಲ್ಲಿ ಬಳಕೆಯಲ್ಲಿತ್ತು. 2016ರಲ್ಲಿ ಮೋಗ್ ಕಂಪನಿ ಆಶ್‌ವಿಲ್‌ನಲ್ಲಿ ಅದೇ ಸರ್ಕ್ಯೂಟನ್ನು, ಅದೇ ಮರದ ಪೆಟ್ಟಿಗೆಯನ್ನು ಮತ್ತೆ ಕಟ್ಟಿದಾಗ ಈ ತಂತಿಯ ಕೆಲಸವನ್ನು ಒಳಗೇ ಮಾಡಿಕೊಟ್ಟಿತು. ಆಗ ಅದರ ಬೆಲೆ ಸುಮಾರು 3,500 ಡಾಲರ್. ಬೇರಿಂಗರ್ ಅದೇ ಸರ್ಕ್ಯೂಟನ್ನು ಪುಟ್ಟ ಬಿಡಿಭಾಗಗಳಲ್ಲಿ, ಕೀಬೋರ್ಡ್ ಇಲ್ಲದೆ, ಅಂಗೈಯಗಲದ ಫಲಕಕ್ಕೆ ಇಳಿಸಿ ಸುಮಾರು 300 ಡಾಲರಿಗೆ ಮಾರಿತು. ನಾದದಲ್ಲಿ ಹತ್ತು ಪಟ್ಟು ಅಂತರ ಖಂಡಿತ ಇಲ್ಲ. ಅಂತರವೇ ಇಲ್ಲ ಎನ್ನುವವರೂ ಇದ್ದಾರೆ. ಆದರೆ ಮಿನಿಮೋಗ್ ಎಡಗೈಯಲ್ಲಿ ಚಕ್ರ, ಬಲಗೈಯಲ್ಲಿ ಕೀಲಿಮಣೆ, ಕಣ್ಣೆದುರು ಓರೆಯಾಗಿ ಎದ್ದು ನಿಂತ ಫಲಕ ಇರುವ ವೇದಿಕೆಯ ವಾದ್ಯ. ದೊಡ್ಡ ಗುಂಡಿಯನ್ನು ಮಣಿಕಟ್ಟಿನಿಂದ ತಿರುಗಿಸುವುದಕ್ಕೂ ಸಣ್ಣ ಗುಂಡಿಯನ್ನು ಎರಡು ಬೆರಳಿನಿಂದ ಹಿಡಿಯುವುದಕ್ಕೂ ನಡುವೆ ನುಡಿಸುವವನಿಗೆ ತಿಳಿಯುವ, ಕೇಳುವವನಿಗೆ ತಡವಾಗಿ ತಿಳಿಯುವ ವ್ಯತ್ಯಾಸವಿದೆ. ಬೇರಿಂಗರ್ ಸರ್ಕ್ಯೂಟನ್ನು ಉಳಿಸಿ ದೇಹವನ್ನು ಬಿಟ್ಟಿತು ಎನ್ನಬಹುದು. ಆಮದಿನ ಖರ್ಚೂ ಸೇರಿದರೆ 3,500 ಡಾಲರಿನ ವಾದ್ಯ ನಮ್ಮಲ್ಲಿ ಎಷ್ಟಾಗುತ್ತದೆಂದು ಲೆಕ್ಕ ಹಾಕಿದ ಮೇಲೆ ಆ ಆಯ್ಕೆಯ ಬಗ್ಗೆ ನನಗೆ ತಕರಾರಿಲ್ಲ.

ಇಷ್ಟಕ್ಕೂ ಮೂಲ ಎಂದರೆ ಯಾವುದು? ಅನಲಾಗ್ ಆಸಿಲೇಟರಿನ ಶ್ರುತಿ ವೋಲ್ಟೇಜನ್ನೂ ಉಷ್ಣತೆಯನ್ನೂ ಅವಲಂಬಿಸಿದ್ದು. ಹಳೆಯ ಕಾಲದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಕಛೇರಿಗೆ ಮೊದಲೇ ಹಾಕಿಟ್ಟು, ಕಾದ ಮೇಲೆ ಮತ್ತೊಮ್ಮೆ ಗುಂಡಿ ತಿರುಗಿಸಿ ಸೇರಿಸಿಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಮಿನಿಮೋಗ್‌ನ ಆಸಿಲೇಟರ್ ಬೋರ್ಡನ್ನೇ ಕಂಪನಿ ತನ್ನ ಅವಧಿಯಲ್ಲಿ ಬದಲಾಯಿಸುತ್ತ ಬಂತು. ಮೊದಲಿನವು ಹೆಚ್ಚು ಅಲೆದಾಡುತ್ತಿದ್ದವು, ಕೊನೆಯವು ಸ್ಥಿರವಾದವು. ಅದರ ಮೇಲೆ ಐವತ್ತು ವರ್ಷಗಳಲ್ಲಿ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರುಗಳು ಒಣಗುತ್ತವೆ, ಗುಂಡಿಗಳು ಸವೆಯುತ್ತವೆ, ರಿಪೇರಿಯವರು ಸಿಕ್ಕಿದ ಬಿಡಿಭಾಗ ಹಾಕಿರುತ್ತಾರೆ. ಇಂದು ಒಂದು ಹಳೆಯ ಮಿನಿಮೋಗ್‌ಗೆ ಹೊಸದನ್ನು ಹೋಲಿಸಿದಾಗ ನಾವು ಹೋಲಿಸುತ್ತಿರುವುದು 1974ರ ವಾದ್ಯಕ್ಕಲ್ಲ. ಅರ್ಧ ಶತಮಾನ ಬಾಳಿದ ಒಂದು ನಿರ್ದಿಷ್ಟ ಪೆಟ್ಟಿಗೆಗೆ. ಅಂಗಡಿಯಿಂದ ಆಗತಾನೇ ಬಂದ ಹೊಸ ಪ್ರತಿಯೇ ಅಂದಿನ ನಾದಕ್ಕೆ ಹೆಚ್ಚು ಹತ್ತಿರವಿರಬಹುದೆಂಬ ಮಾತು ವ್ಯಂಗ್ಯವಾಗಿ ಕೇಳಿಸಿದರೂ ತಳ್ಳಿಹಾಕುವಂಥದ್ದಲ್ಲ.

ಈ ಪ್ರಶ್ನೆಯನ್ನು ತಯಾರಕರೂ ಎದುರಿಸಿದ್ದಾರೆ. ಒಡಿಸ್ಸಿಯ ಮೂರು ಕಾಲದ ಆವೃತ್ತಿಗಳಲ್ಲಿ ಮೂರು ಬೇರೆ ಫಿಲ್ಟರುಗಳಿದ್ದವು. ಆರ್ಪ್‌ನ ಸ್ಥಾಪಕರಲ್ಲಿ ಒಬ್ಬರಾದ ಡೇವಿಡ್ ಫ್ರೆಂಡ್ ಅವರ ಸಲಹೆಯೊಂದಿಗೆ ಕೊರ್ಗ್ ಮೂರನ್ನೂ ಒಳಗಿಟ್ಟು ಒಂದು ಸ್ವಿಚ್ ಕೊಟ್ಟಿತು. ಡೇವ್ ಸ್ಮಿತ್ ಅವರ ಪ್ರಾಫೆಟ್-5ರಲ್ಲಿ ಮೊದಲ ಆವೃತ್ತಿಗಳಿಗೆ ಎಸ್‌ಎಸ್‌ಎಂ ಕಂಪನಿಯ ಚಿಪ್, ಮೂರನೆಯದಕ್ಕೆ ಕರ್ಟಿಸ್ ಕಂಪನಿಯ ಚಿಪ್ ಇದ್ದವು. ಹಳಬರು ಇವುಗಳಲ್ಲಿ ಯಾವುದು ಮೇಲೆಂದು ದಶಕಗಳ ಕಾಲ ವಾದಿಸಿದ್ದರು. 2020ರ ನಾಲ್ಕನೆಯ ಆವೃತ್ತಿಯಲ್ಲಿ ಸ್ಮಿತ್ ಎರಡೂ ಬಗೆಯ ಫಿಲ್ಟರನ್ನು ಅಳವಡಿಸಿದ್ದಲ್ಲದೆ ವಿಂಟೇಜ್ ಎಂಬ ಒಂದು ಗುಂಡಿಯನ್ನೂ ಇಟ್ಟರು. ಅದನ್ನು 4ರಿಂದ 1ರ ಕಡೆಗೆ ತಿರುಗಿಸಿದಂತೆ ಒಟ್ಟಿಗೆ ನುಡಿಯುವ ಐದು ಧ್ವನಿಗಳ ಶ್ರುತಿ, ಇಳಿತ, ಫಿಲ್ಟರ್ ಎಲ್ಲವೂ ಒಂದಕ್ಕೊಂದು ತುಸು ತುಸು ಬೇರೆಯಾಗುತ್ತ ಹೋಗುತ್ತವೆ. 1978ರಲ್ಲಿ ಎಂಜಿನಿಯರುಗಳು ಪಟ್ಟುಹಿಡಿದು ತೊಲಗಿಸಲು ಯತ್ನಿಸಿದ ದೋಷ 2020ರಲ್ಲಿ ಅಂಕಿ ಹಾಕಿದ ಗುಂಡಿಯಾಗಿದೆ. ನನಗೆ ಇದು ಇಡೀ ಮರುಸೃಷ್ಟಿಯ ಚಳವಳಿಯಲ್ಲೇ ಅತ್ಯಂತ ಪ್ರಾಮಾಣಿಕವಾದ ನಡೆಯೆನಿಸುತ್ತದೆ, ಏಕೆಂದರೆ ಯಾವ ಮೂಲ ಬೇಕೆಂಬ ತೀರ್ಮಾನವನ್ನು ಅದು ವಾದಕನಿಗೇ ಬಿಡುತ್ತದೆ.

ನಕಲಿನ ನೈತಿಕತೆಯ ಬಗ್ಗೆ ಜಗಳಗಳು ಬಹಳ ನಡೆದಿವೆ. ಲ್ಯಾಡರ್ ಫಿಲ್ಟರಿಗೆ ಮೋಗ್ ಅವರಿಗೆ 1969ರಲ್ಲಿ ದೊರೆತ ಪೇಟೆಂಟಿನ ಅವಧಿ ಎಂದೋ ಮುಗಿದಿದೆ. ಸರ್ಕ್ಯೂಟನ್ನು ಯಾರೂ ಕಟ್ಟಬಹುದು. ಪೇಟೆಂಟ್ ಜೀವಂತವಾಗಿದ್ದ ಕಾಲದಲ್ಲೇ ಆರ್ಪ್ ಕಂಪನಿ ಆ ಫಿಲ್ಟರನ್ನು ಹೋಲುವ ಒಂದನ್ನು ಬಳಸಿ, ಆಮೇಲೆ ಬೇರೆ ವಿನ್ಯಾಸಕ್ಕೆ ಬದಲಾಗಬೇಕಾಯಿತು. ಒಡಿಸ್ಸಿಯ ಎರಡನೆಯ, ಮೂರನೆಯ ಫಿಲ್ಟರುಗಳ ಹಿಂದಿನ ಕತೆ ಇದೇ. ನಕಲು ಈ ಲೋಕಕ್ಕೆ ಹೊಸತಲ್ಲ. ಆದರೂ, ಒಬ್ಬ ವಿನ್ಯಾಸಕ ತನ್ನ ಹಳೆಯ ಕೆಲಸಕ್ಕೆ ಮರಳಿ ಮಾಡಿದ ಪರಿಷ್ಕರಣಕ್ಕೂ, ಬೇರೊಬ್ಬರು ನಕ್ಷೆಯನ್ನು ಓದಿ ಕಟ್ಟಿದ ಪ್ರತಿಗೂ ನಾನು ಒಂದೇ ಬೆಲೆ ಕಟ್ಟಲಾರೆ. ಮೊದಲನೆಯದರಲ್ಲಿ ಸಿಂಥಸೈಜರಿನ ಜೊತೆಗೆ ಆತನ ಇಷ್ಟು ವರ್ಷಗಳ ಯೋಚನೆಯೂ ಸೇರಿರುತ್ತದೆ. 2022ರಲ್ಲಿ ತೀರಿಕೊಂಡ ಸ್ಮಿತ್ ಅವರ ಆ ವಿಂಟೇಜ್ ಗುಂಡಿ ಇನ್ನೊಬ್ಬರ ತಲೆಗೆ ಸುಲಭವಾಗಿ ಹೊಳೆಯುವಂಥದ್ದಲ್ಲ.

ಮೂರನೆಯ ದಾರಿಯೊಂದಿದೆ, ನಿಷ್ಠೆಯ ಚರ್ಚೆಯಲ್ಲಿ ಅದು ಮರೆತುಹೋಗುತ್ತದೆ. 303ರ ಸ್ಲೈಡ್ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತದೆ, ಆದರೆ ಜಾರುವ ಕಾಲ ಸ್ಥಿರ: ಅರ್ಧ ಸ್ವರದ ಅಂತರವಾಗಲಿ, ಒಂದು ಸ್ಥಾಯಿಯ ಅಂತರವಾಗಲಿ, ಸುಮಾರು 60 ಮಿಲಿಸೆಕೆಂಡಿನಲ್ಲಿ ಮುಗಿಯಬೇಕು. ನೃತ್ಯದ ಸಾಲಿಗೆ ಅದು ಸರಿ. ಮಾಲಕೌಂಸ್‌ನ ಕೋಮಲ ಗಾಂಧಾರದಿಂದ ಮಧ್ಯಮಕ್ಕೆ ಹೋಗುವವರಿಗೆ ಅಷ್ಟು ಹೊತ್ತು ಏನೇನೂ ಸಾಲದು. ಸ್ವರ ಜಾರಿತೆಂದು ತಿಳಿಯುವ ಮೊದಲೇ ತಲುಪಿಬಿಟ್ಟಿರುತ್ತದೆ. ಹತ್ತು ರಾಗಗಳ ಆ ಧ್ವನಿಮುದ್ರಣದಲ್ಲಿ ಸಿಂಗ್ 303ನ್ನು ಕೆಳಗಿನ ಸಾಲಿಗೆ ಬಿಟ್ಟು, ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವಿಕೆ) ಬೇಕಾದ ಮೇಲಿನ ಸಾಲನ್ನು ಜುಪಿಟರ್-8ರಲ್ಲಿ ನುಡಿಸಿದ್ದಕ್ಕೆ ಇದೂ ಒಂದು ಕಾರಣವಿದ್ದೀತು. ಮೂಲಕ್ಕೆ ನಿಷ್ಠವಾದ ಎಲ್ಲ ಮರುಸೃಷ್ಟಿಗಳೂ ಈ 60 ಮಿಲಿಸೆಕೆಂಡನ್ನು ಶ್ರದ್ಧೆಯಿಂದ ಉಳಿಸಿಕೊಂಡಿವೆ. ಆದರೆ 1990ರ ದಶಕದಲ್ಲೇ ಆಸ್ಟ್ರೇಲಿಯಾದ ರಾಬಿನ್ ವಿಟಲ್ ಹಳೆಯ 303ಗಳನ್ನು ಬಿಚ್ಚಿ ಡೆವಿಲ್ ಫಿಶ್ ಎಂಬ ಹೆಸರಿನಲ್ಲಿ ಮಾರ್ಪಡಿಸತೊಡಗಿದಾಗ ಸ್ಲೈಡ್‌ನ ಕಾಲಕ್ಕೇ ಒಂದು ಗುಂಡಿ ಕೊಟ್ಟಿದ್ದರು. ಟಿಡಿ-3ಯ ಎಂಒ ಆವೃತ್ತಿಯಲ್ಲಿ ಅಂಥ ಗುಂಡಿ ಮತ್ತೆ ಬಂದಿದೆ. ಹೋಲಿಕೆಯ ವಿಡಿಯೋಗಳಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ, ಏಕೆಂದರೆ ಹೋಲಿಸಲು ಮೂಲದಲ್ಲಿ ಅದಿಲ್ಲ. ನಾನು ಮುಂದಿನ ಬಾರಿ ಹಣ ಕೂಡಿಸಿ ಕೊಳ್ಳುವುದಿದ್ದರೆ ಆ ಗುಂಡಿಯ ಸಲುವಾಗಿ ಕೊಳ್ಳುತ್ತೇನೆ.